ಬಾಣಂತಿ ಮನೆಯ ಲೈಸೆನ್ಸು

ನಮ್ಮ ಮನೆಯ ನಡುಬಾಗಿಲ ಮೇಲೆ, ದೇವರ ಪಟಗಳ ಸಾಲಿನಲ್ಲೇ, ಐದು ತಿಂಗಳು ಒಂದು ಲೈಸೆನ್ಸು ನೇತಾಡುತ್ತಿತ್ತು. ಗಾಜು ಹಾಕಿಸಿ, ಕಟ್ಟು ಹಾಕಿಸಿ, ನಾನೇ ಸ್ಟೂಲು ಹತ್ತಿ ಮೊಳೆ ಹೊಡೆದಿದ್ದೆ. ಶುಕ್ರವಾರ ಪಟಗಳಿಗೆ ಕುಂಕುಮ ಇಡುವಾಗ ಅದಕ್ಕೂ ಒಂದು ಬೊಟ್ಟು ಇಡುತ್ತಿದ್ದೆ. ಈಗ ಆ ಬೊಟ್ಟು ನೆನಪಾದರೆ ನನ್ನ ಕೈ ನೋಡಿ ನನಗೇ ಅಸಹ್ಯವಾಗುತ್ತದೆ. ಆಗ ಮಾತ್ರ ನನ್ನ ಸಿಟ್ಟೆಲ್ಲ ಇದ್ದದ್ದು ಒಬ್ಬ ಹುಡುಗಿಯ ಮೇಲೆ. ಆ ಲೈಸೆನ್ಸು ನನಗೆ ಸಿಗಬಾರದು ಎಂದು ಅಡ್ಡಗಾಲು ಹಾಕಿದವಳು ಅವಳು, ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು. ಇಪ್ಪತ್ತೇಳೋ ಇಪ್ಪತ್ತೆಂಟೋ ವಯಸ್ಸು. ನಮ್ಮಿಬ್ಬರ ಜಗಳ ಕಿಟಕಿಯದು ಎಂದು ನಾನು ತಿಳಿದಿದ್ದೆ. ಅದು ಹದಿನೆಂಟು ದಿನದ ಒಂದು ಹೆಣ್ಣುಕೂಸಿನ ಉಸಿರಿನ ಮೇಲೆ ನಡೆಯುತ್ತಿದ್ದ ಜಗಳ ಎಂದು ಆಮೇಲೆ ಗೊತ್ತಾಯಿತು.

ನಾನು ಮೂವತ್ತು ವರ್ಷಕ್ಕೂ ಮೇಲೆ ಅಂಗನವಾಡಿ ಕಾರ್ಯಕರ್ತೆಯಾಗಿದ್ದವಳು. ಊರಿಗೆಲ್ಲ ಟೀಚರಮ್ಮ. ಮಕ್ಕಳನ್ನು ತಕ್ಕಡಿಯಲ್ಲಿ ತೂಗಿದೆ, ಬಸುರಿಯರ ಹೆಸರು ಬರೆದೆ, ಚುನಾವಣೆ ಬಂದಾಗ ಮನೆಮನೆ ಸುತ್ತಿದೆ, ದನದ ಗಣತಿ ಬಂದಾಗ ಕೊಟ್ಟಿಗೆ ಸುತ್ತಿದೆ. ನಮ್ಮಂಥವರನ್ನು ಇಲಾಖೆ ಹೇಗೆ ನಡೆಸಿಕೊಂಡಿತು ಎಂದು ಶುರು ಮಾಡಿದರೆ ಮುಗಿಯುವುದಿಲ್ಲ. ಕೊನೆಗೆ ಒಂದು ಶಾಲು, ಒಂದು ಹಾರ, ಎರಡು ಭಾಷಣ. ಮನೆಗೆ ಬಂದೆ. ಅಂದಿನಿಂದ ಸರ್ಕಾರದ ಕಡೆಯಿಂದ ಯಾರೇ ಗೇಟಿನ ಹತ್ತಿರ ಬಂದರೂ ನನ್ನ ಮೈ ಉರಿಯುತ್ತಿತ್ತು.

ಮನೆಯ ಹಿಂದೆ ನಮ್ಮೆಜಮಾನರು ಬದುಕಿದ್ದಾಗ ಬಾಡಿಗೆಗೆಂದು ಕಟ್ಟಿಸಿದ್ದ ಮೂರು ಕೋಣೆಗಳಿದ್ದವು. ತಾರಸಿ ಕೋಣೆಗಳು, ಜಾರುವ ಅಲ್ಯೂಮಿನಿಯಂ ಕಿಟಕಿಗಳು. ಒಂದರಲ್ಲಿ ಬಾಶೆಟ್ಟಿಹಳ್ಳಿ ಫ್ಯಾಕ್ಟರಿಗೆ ಹೋಗುವ ಗಂಡ ಹೆಂಡತಿ ಇದ್ದರು. ಆ ಹೆಣ್ಣುಮಗಳಿಗೆ ಹೆರಿಗೆಯಾಯಿತು. ಅವಳ ತಾಯಿಯೂ ಗಾರ್ಮೆಂಟ್ಸ್‌ನಲ್ಲಿ ದುಡಿಯುವವಳು, ನಾಲ್ಕು ದಿನ ರಜೆ ಹಾಕಿ ಬಂದು, ಅಳುತ್ತಾ ವಾಪಸು ಹೋದಳು. ಬಾಣಂತನ ಮಾಡುವವರು ಯಾರು? ನಾನೇ ಮಾಡಿದೆ. ಮೂರು ತಿಂಗಳು ಅವಳಿಗೆ ಎಣ್ಣೆ ಹಚ್ಚಿ, ಹಂಡೆ ನೀರು ಹಾಕಿ, ಮೆಣಸಿನ ಸಾರು, ಸಬ್ಬಸಿಗೆ ಸೊಪ್ಪು, ಸುಟ್ಟ ಬೆಳ್ಳುಳ್ಳಿ ಹಾಕಿ ಎಬ್ಬಿಸಿ ನಿಲ್ಲಿಸಿದೆ. ಅವಳು ಮೈ ತುಂಬಿಕೊಂಡು ಮತ್ತೆ ಫ್ಯಾಕ್ಟರಿ ಬಸ್ಸು ಹತ್ತಿದಾಗ, ಬಸ್ಸಿನಲ್ಲಿದ್ದ ಹೆಂಗಸರೆಲ್ಲ ಎಲ್ಲಿ ಮಾಡಿಸಿಕೊಂಡೆ ಎಂದು ಕೇಳಿದರಂತೆ. ಅಲ್ಲಿಂದ ಬಾಯಿಂದ ಬಾಯಿಗೆ ಹೋಯಿತು. ತಾಯಿ ಇಲ್ಲದವರು, ತಾಯಿ ಇದ್ದರೂ ಬರಲಾಗದವರು, ಅತ್ತೆ ಜೊತೆ ಹೊಂದದವರು ಒಬ್ಬೊಬ್ಬರಾಗಿ ಬಂದರು. ಮೂರು ಕೋಣೆಯಲ್ಲಿ ಮೂವರು ಬಾಣಂತಿಯರು. ಆರು ವರ್ಷ ಯಾವ ಲೈಸೆನ್ಸೂ ಇಲ್ಲದೆ ನಡೆಯಿತು. ಯಾರೂ ಏನೂ ಕೇಳಲಿಲ್ಲ.

ನನಗೆ ಈ ಕೆಲಸ ಕಲಿಸಿದ್ದು ನಮ್ಮಮ್ಮ. ನನ್ನ ತವರು ನಲ್ಲೂರಿನ ಹುಣಸೆ ತೋಪಿನ ಆಚೆ. ಸುತ್ತ ನಾಲ್ಕು ಊರಲ್ಲಿ ಯಾರು ಹೆತ್ತರೂ ನಮ್ಮಮ್ಮನಿಗೆ ಕರೆ ಬರುತ್ತಿತ್ತು. ಅವಳದು ಒಂದೇ ಕಟ್ಟಳೆ. ಬಾಣಂತಿಗೆ ಗಾಳಿ ಸೋಕಬಾರದು. ನೀರು ಹಾಕಿದ ಮೇಲೆ ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ಇಟ್ಟು, ಹಗ್ಗದ ಮಂಚದ ಮೇಲೆ ಮಲಗಿಸಿ ಎರಡು ಕಂಬಳಿ ಹೊದಿಸಬೇಕು. ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಇಟ್ಟು, ಸಾಂಬ್ರಾಣಿ ಹಾಕಿ, ಚೆನ್ನಾಗಿ ಬೆವರಿಸಬೇಕು. ಕಿಟಕಿ, ಸಂದಿ, ಬಾಗಿಲ ಅಡಿ, ಎಲ್ಲ ಕಡೆ ಹಳೇ ಸೀರೆ ತುರುಕಬೇಕು. ಇಲ್ಲದಿದ್ದರೆ ಸನ್ನಿ ಹಿಡಿಯುತ್ತದೆ ಎನ್ನುತ್ತಿದ್ದಳು. ಅವಳ ಕೈಯಲ್ಲಿ ಒಬ್ಬ ಬಾಣಂತಿಯೂ ಹೋಗಲಿಲ್ಲ, ಒಂದು ಕೂಸೂ ಹೋಗಲಿಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ನನ್ನ ಅಂಗನವಾಡಿಯ ಗೋಡೆ ಮೇಲೆ ಇಲಾಖೆ ಕೊಟ್ಟ ಒಂದು ಚಾರ್ಟು ಇತ್ತು. ಅದರಲ್ಲಿ ಬಾಣಂತಿಯೊಬ್ಬಳು ತೆರೆದ ಕಿಟಕಿಯ ಪಕ್ಕ ಕೂತು ನಗುತ್ತಿದ್ದಳು. ತಾಯಂದಿರ ಸಭೆ ನಡೆದಾಗಲೆಲ್ಲ ಕೋಲು ಹಿಡಿದು ಅದನ್ನು ತೋರಿಸಿ, ಗಾಳಿ ಬೆಳಕು ಇರುವ ಕೋಣೆಯಲ್ಲಿ ಬಾಣಂತಿ ಇರಬೇಕು ಎಂದು ಪಾಠ ಒಪ್ಪಿಸಿದವಳು ನಾನೇ. ಸಭೆ ಮುಗಿಸಿ ಮನೆಗೆ ಬಂದು ನನ್ನ ಸ್ವಂತ ಮಗಳ ಬಾಣಂತನದಲ್ಲಿ ಕಿಟಕಿಗೆ ಸೀರೆ ತುರುಕಿದವಳೂ ನಾನೇ. ಶಾಸ್ತ್ರ ಹೇಳುವುದು, ಬದನೆಕಾಯಿ ತಿನ್ನುವುದು. ಚಾರ್ಟು ಇಲಾಖೆಯದು, ಬಾಣಂತನ ನಮ್ಮಮ್ಮನದು. ಎರಡೂ ಒಂದೇ ತಲೆಯೊಳಗೆ ಇದ್ದವು, ಒಂದಕ್ಕೊಂದು ಮಾತಾಡಲಿಲ್ಲ.

ತೊಂದರೆ ಶುರುವಾದದ್ದು ಬೋರ್ಡಿನಿಂದ. ನನ್ನ ಅಳಿಯ ಜಾಣ. ರಸ್ತೆಗೆ ಕಾಣುವ ಹಾಗೆ ಗೇಟಿಗೆ ಒಂದು ಫ್ಲೆಕ್ಸು ಕಟ್ಟಿಸಿದ. ಬಾಣಂತಿ ಮನೆ, ಊಟ ವಸತಿ ಆರೈಕೆ ಎಂದು ದಪ್ಪ ಅಕ್ಷರ, ಪಕ್ಕದಲ್ಲಿ ಯಾವುದೋ ಬೆಳ್ಳನೆಯ ಕೂಸಿನ ಚಿತ್ರ. ತಿಂಗಳೊಳಗೆ ಪಂಚಾಯಿತಿಯಿಂದ ನೋಟೀಸು ಬಂತು. ಊಟ ವಸತಿ ಕೊಡುವ ಜಾಗಕ್ಕೆ ಲೈಸೆನ್ಸು ಬೇಕು, ಹದಿನೈದು ದಿನದೊಳಗೆ ಅರ್ಜಿ ಹಾಕಿ ಎಂದು.

ಹೋದೆ. ಪಿಡಿಒ ಕಂಪ್ಯೂಟರನ್ನು ಮೇಲೆ ಕೆಳಗೆ ಮಾಡಿ ನೋಡಿ ತಲೆ ಕೆರೆದುಕೊಂಡರು.

"ಟೀಚರಮ್ಮ, ನಮ್ ಲಿಸ್ಟಲ್ಲಿ ಹೋಟ್ಲಿದೆ, ಲಾಡ್ಜಿದೆ, ಪಿಜಿ ಇದೆ, ಕೋಳಿ ಫಾರಂ ಇದೆ. ಬಾಣಂತನ ಇಲ್ವಲ್ಲ."

"ಹಂಗಾದ್ರೆ ಕೋಳಿ ಫಾರಂ ಅಂತ್ಲೇ ಹಾಕ್ಕೊಳಿ ಸಾರ್. ನಾನೂ ಕಾವು ಕೊಡೋಳೇ," ಎಂದೆ.

ಅವರು ನಗಲಿಲ್ಲ. ಪಿಜಿ ಎಂದು ಹಾಕಿಕೊಂಡರು. ಆರೋಗ್ಯ ಇಲಾಖೆಯವರು ಬಂದು ನೋಡಿ ವರದಿ ಕೊಡಬೇಕು, ಆಮೇಲೆ ಲೈಸೆನ್ಸು ಎಂದರು. ಆ ಇಲಾಖೆಯ ಗುಮಾಸ್ತನ ಬಳಿ ಹೋದರೆ, ಬಾಣಂತಿಯರು ಇದ್ದಾರೆ ಅಂದ ಮೇಲೆ ನರ್ಸಿಂಗ್ ಹೋಮ್ ಆಗುತ್ತದೆ, ಡಾಕ್ಟರು ಎಲ್ಲಿ ಎಂದು ಕೇಳಿದ. ಡಾಕ್ಟರು ಇದ್ದರೆ ನಿನ್ನ ಹತ್ತಿರ ಯಾಕಪ್ಪ ಬರುತ್ತಿದ್ದೆ ಎಂದು ಕೇಳಿದೆ. ಹೀಗೆ ಪಂಚಾಯಿತಿಯವರು ಅಲ್ಲಿಗೆ ಅಟ್ಟುವುದು, ಅಲ್ಲಿಯವರು ಇಲ್ಲಿಗೆ ಅಟ್ಟುವುದು. ಚೆಂಡಿನಂತೆ ಎರಡು ತಿಂಗಳು ಉರುಳಿದೆ. ಒಂದು ಬೆಳಗ್ಗೆ ಸ್ಕೂಟಿಯಲ್ಲಿ ಆ ಹುಡುಗಿ ಬಂದಳು.

ಹೆಗಲಿಗೆ ಬ್ಯಾಗು, ಕೈಯಲ್ಲಿ ಅಳತೆ ಟೇಪು, ಕತ್ತಿನಲ್ಲಿ ಗುರುತಿನ ಚೀಟಿ. ಹೊಸಕೋಟೆ ಕಡೆಯವಳಂತೆ. ಅವಳು ಬರುವ ವಿಷಯ ಹಿಂದಿನ ದಿನವೇ ನನಗೆ ತಿಳಿದಿತ್ತು. ಮೂರು ಅಗ್ಗಿಷ್ಟಿಕೆಗಳನ್ನೂ ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲದ ಕೆಳಗೆ ಬಚ್ಚಿಟ್ಟಿದ್ದೆ. ಸೀರೆ ತುಂಡುಗಳನ್ನೆಲ್ಲ ಎಳೆದು, ಕಿಟಕಿಗಳನ್ನು ತೆರೆದು, ಬಾಣಂತಿಯರನ್ನು ಚಾರ್ಟಿನ ಹೆಂಗಸಿನ ಹಾಗೆ ಕೂರಿಸಿದ್ದೆ. ಮೂವತ್ತು ವರ್ಷ ಇಲಾಖೆಯವರು ಬಂದಾಗಲೆಲ್ಲ ಮಾಡಿದ ಕೆಲಸ ಅದು, ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅವಳು ಕೋಣೆ ಅಳೆದಳು, ಕಕ್ಕಸು ನೋಡಿದಳು, ನೀರಿನ ತೊಟ್ಟಿಯ ಮುಚ್ಚಳ ಎತ್ತಿದಳು, ಎಲ್ಲ ಚೆನ್ನಾಗಿದೆ ಅಂದಳು. ಹೊರಡುತ್ತಾಳೆ ಅಂದುಕೊಂಡೆ. ಆಮೇಲೆ ಮಂಡಿ ಊರಿ, ಕತ್ತು ಬಗ್ಗಿಸಿ, ಮಂಚದ ಕೆಳಗೆ ಮೊಬೈಲಿನ ಬೆಳಕು ಬಿಟ್ಟಳು. ಮಂಚದ ಹಗ್ಗ ಮೇಲೆ ಬಿಳಿ, ಕೆಳಗೆ ಕಪ್ಪು. ಬೆರಳಿಂದ ಒರೆಸಿ, ಮಸಿಯನ್ನು ನನಗೆ ತೋರಿಸಿದಳು.

"ಒಳಗಡೆ ಕೆಂಡ ಇಡ್ತೀರಾ ಟೀಚರಮ್ಮ?"

"ಸಾಂಬ್ರಾಣಿಗೆ ಒಂಚೂರು."

"ಕಿಟಕಿ ಮುಚ್ಕೊಂಡಾ?"

"ಬಾಣಂತಿ ಕೋಣೆ ಕಿಟಕಿ ಯಾರಾದ್ರೂ ತೆಗೀತಾರೇನಮ್ಮ? ನಿಮ್ಮೂರಲ್ಲಿ ತೆಗೀತಾರಾ?"

"ನಮ್ಮೂರಲ್ಲೂ ಮುಚ್ತಾರೆ," ಅಂದಳು. "ಆದ್ರೆ ನಿಮ್ಮಮ್ಮ ನಮ್ಮಜ್ಜಿ ಎಲ್ಲ ಮಾಡಿದ್ದು ಹೆಂಚಿನ ಮನೇಲಿ. ಎಷ್ಟು ಮುಚ್ಚಿದ್ರೂ ಹೆಂಚಿನ ಸಂದೀಲಿ ಆಚೆ ಹೋಗ್ತಿತ್ತು. ಇದು ತಾರಸಿ. ಆ ಕಿಟಕಿ ಎಳೆದ್ರೆ ಡಬ್ಬಿ ಮುಚ್ಚಳ ಹಾಕ್ದಂಗೆ. ಕೆಂಡದ ಕೆಟ್ಟ ಗಾಳಿಗೆ ವಾಸನೆ ಇರಲ್ಲ, ಮಲಗಿರೋರಿಗೆ ಗೊತ್ತೇ ಆಗಲ್ಲ. ಕೆಂಡ ಆಚೆ ಇಡಿ, ಕಿಟಕಿ ಒಂದು ಗೇಣಾದ್ರೂ ತೆಗ್ದಿಡಿ. ನಾನು ನಾಳೇನೇ ವರದಿ ಬರ್ಕೊಡ್ತೀನಿ."

ಇಷ್ಟು ಸರಳವಾಗಿ ಹೇಳಿದ್ದಳು. ಇವತ್ತಿಗೂ ಅವಳ ಒಂದೊಂದು ಮಾತೂ ನನಗೆ ಬಾಯಿಪಾಠ. ಆವತ್ತು ಮಾತ್ರ ನನ್ನ ಕಿವಿಗೆ ಬಿದ್ದದ್ದು ಒಂದೇ. ನಿಮ್ಮಮ್ಮ ಮಾಡಿದ್ದು ಇಲ್ಲಿ ನಡೆಯಲ್ಲ ಎಂದು ಈ ನಿನ್ನೆ ಮೊನ್ನೆಯವಳು ನನ್ನ ಮನೆಯಲ್ಲಿ ನಿಂತು ಹೇಳುತ್ತಿದ್ದಾಳೆ ಎಂಬುದು. ಮದುವೆಯಾಗಿದೆಯೇನಮ್ಮ ಎಂದು ಕೇಳಿದೆ. ಇಲ್ಲ ಅಂದಳು.

"ಇದೆಲ್ಲ ಪುಸ್ತಕದ ಬದನೇಕಾಯಿ. ಒಂದು ಹೆತ್ತು ನೋಡು, ಆಮೇಲೆ ಬಂದು ನನಗೆ ಹೇಳ್ಕೊಡು," ಎಂದೆ. ಬಾಣಂತಿಯರು ಕೇಳಲಿ ಎಂದು ಗಟ್ಟಿಯಾಗೇ ಅಂದೆ. ಅವಳ ಮುಖ ಸಣ್ಣಗಾಯಿತು. ಟೇಪು ಸುತ್ತಿಕೊಂಡು ಹೋದಳು. ವಾರಕ್ಕೆ ವರದಿ ಬಂತು, ಕೋಣೆಗಳು ವಾಸಕ್ಕೆ ಯೋಗ್ಯವಲ್ಲ ಎಂದು.

ನನ್ನ ಮನೆ ವಾಸಕ್ಕೆ ಯೋಗ್ಯವಲ್ಲವಂತೆ. ಆ ಕಾಗದ ಓದಿದ ದಿನ ನನಗೆ ಊಟ ಇಳಿಯಲಿಲ್ಲ. ನನ್ನ ಮೈದುನ ಪಂಚಾಯಿತಿ ಮೆಂಬರು, ಇಂಥದಕ್ಕೆಲ್ಲ ಓಡಾಡಿ ಪಳಗಿದವನು. ಅವನನ್ನು ಕರೆದು ಕಾಗದ ಎಸೆದೆ.

"ಇಷ್ಟಕ್ಕೆಲ್ಲ ಯಾಕತ್ತಿಗೆ ತಲೆ ಕೆಡಿಸ್ಕೋತೀರಾ? ಅವಳ ಮೇಲಿನ ಸಾಹೇಬ್ರು ನಮಗೆ ಬೇಕಾದೋರು. ಬಿಡಿ, ನಾನು ನೋಡ್ಕೋತೀನಿ," ಎಂದ.

ನೋಡಿಕೊಂಡ. ಆ ಮೇಲಿನ ಸಾಹೇಬರು ನಮ್ಮ ಊರಿಗೆ ಕಾಲೇ ಇಡಲಿಲ್ಲ. ತಮ್ಮ ಕುರ್ಚಿಯಲ್ಲೇ ಕೂತು ಇನ್ನೊಂದು ವರದಿ ಬರೆದರು, ಕೋಣೆಗಳಿಗೆ ಸಾಕಷ್ಟು ಗಾಳಿ ಬೆಳಕು ಇದೆ ಎಂದು. ಶ್ರಾವಣದಲ್ಲಿ ಲೈಸೆನ್ಸು ಬಂತು, ಅದರಲ್ಲೂ ಅದೇ ಸಾಲು. ನಾನು ಗೆದ್ದೆ. ಒಬ್ಬಟ್ಟು ಮಾಡಿ ಬಾಣಂತಿಯರನ್ನು ಬಿಟ್ಟು ಎಲ್ಲರಿಗೂ ಹಂಚಿದೆ. ಆ ಹುಡುಗಿಗೆ ಮೈದುನನ ಕೈಯಲ್ಲಿ ಎರಡು ಕಳಿಸಿದೆ, ಹೊಟ್ಟೆ ಉರಿಸಲಿಕ್ಕೆ. ಅವಳು ತಗೊಂಡು, ಥ್ಯಾಂಕ್ಸ್ ಹೇಳಿ ಅಂದಳಂತೆ.

ಮಾರ್ಗಶಿರದಲ್ಲಿ ಆ ಕೂಸಿನ ತಾಯಿ ಬಂದಳು, ಹನ್ನೊಂದು ದಿನದ ಹೆಣ್ಣುಮಗು ಎತ್ತಿಕೊಂಡು. ಅವಳಿಗೆ ಇಪ್ಪತ್ತೆರಡು ವರ್ಷ. ಬಾಶೆಟ್ಟಿಹಳ್ಳಿಯಲ್ಲೇ ಗಂಡನೂ ಅವಳೂ ಒಂದೇ ಫ್ಯಾಕ್ಟರಿ. ಅವಳು ಚಿಕ್ಕವಳಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಗಂಡನದು ಮಾತು ಕಡಿಮೆ, ಪ್ರತಿಯೊಂದನ್ನೂ ಎರಡು ಸಲ ನೋಡುವ ಸ್ವಭಾವ. ಅವಳನ್ನು ಬಿಡಲು ಬಂದಾಗ ನಡುಬಾಗಿಲಲ್ಲಿ ನಿಂತು ಲೈಸೆನ್ಸನ್ನು ಮೊದಲ ಸಾಲಿನಿಂದ ಕೊನೆಯ ಮೊಹರಿನವರೆಗೂ ಓದಿದ. ಫೋನು ತೆಗೆದು ಅದರ ಫೋಟೊ ಹಿಡಿದ. ಆಮೇಲೆ ನನ್ನ ಕಡೆ ತಿರುಗಿ, "ಸರಿ ಅಮ್ಮ, ಇನ್ನು ನಿಮ್ ಜವಾಬ್ದಾರಿ," ಎಂದ.

ಈ ಬಾಣಂತಿ ಹುಡುಗಿ ಮೊದಲ ದಿನದಿಂದಲೇ ನನ್ನನ್ನು ಅಮ್ಮಾ ಎಂದಳು. ಎಲ್ಲರೂ ಅನ್ನುತ್ತಾರೆ, ಆದರೆ ಇವಳದು ಬೇರೆ. ತಲೆಗೆ ಎಣ್ಣೆ ತಟ್ಟುವಾಗ ಕಣ್ಣು ಮುಚ್ಚಿ, "ಅಮ್ಮಾ, ನಂಗೆ ಯಾರೂ ಹಿಂಗೆ ಎಣ್ಣೆ ಹಾಕಿಲ್ಲಮ್ಮ," ಎನ್ನುತ್ತಿದ್ದಳು. ಸಾರು ಚೆನ್ನಾಗಿದ್ದರೆ ತಟ್ಟೆಯನ್ನು ನೆಕ್ಕಿಬಿಡುವಳು. ಅವಳ ಮೇಲೆ ನನಗೆ ಪ್ರೀತಿ ಬಂದುಬಿಟ್ಟಿತು. ಅದಕ್ಕೇ ಬೇರೆ ಇಬ್ಬರಿಗಿಂತ ಅವಳ ಕೋಣೆಗೆ ಒಂದು ಹಿಡಿ ಕೆಂಡ ಜಾಸ್ತಿ ಹಾಕುತ್ತಿದ್ದೆ.

ಅವಳು ಬಂದ ಏಳನೇ ದಿನ. ಬೆಳಗ್ಗೆ ಒಂಬತ್ತೂವರೆಯಾದರೂ ಮಂಜು ಬಿಟ್ಟಿರಲಿಲ್ಲ, ಥರಥರ ಚಳಿ. ಮೊದಲು ಮಗುವಿಗೆ ನೀರು ಹಾಕಿ, ಸಾಂಬ್ರಾಣಿ ತೋರಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದೆ. ಆಮೇಲೆ ತಾಯಿಗೆ ಹಾಕಿದೆ. ಮಂಚದ ಮೇಲೆ ಮಲಗಿಸಿ, ಮಗ್ಗುಲಲ್ಲಿ ಕೂಸನ್ನಿಟ್ಟು, ಕಂಬಳಿ ಹೊದಿಸಿ, ಕೆಳಗೆ ಅಗ್ಗಿಷ್ಟಿಕೆ ತಳ್ಳಿದೆ. ಕಿಟಕಿಯ ಎರಡು ಬಾಗಿಲ ನಡುವೆ ಸಣ್ಣ ಸಂದಿ ಇತ್ತು, ಅದಕ್ಕೆ ನನ್ನ ಹಳೇ ಹಸಿರು ಸೀರೆಯ ತುಂಡು ತುರುಕಿದೆ. ಬಾಗಿಲು ಎಳೆದುಕೊಂಡು ಬಂದು ಜಗಲಿಯ ಮೇಲೆ ಸಬ್ಬಸಿಗೆ ಸೊಪ್ಪು ಬಿಡಿಸುತ್ತಾ ಕೂತೆ.

ಸ್ವಲ್ಪ ಹೊತ್ತಿಗೆ ಗೇಟಿನಲ್ಲಿ ಸ್ಕೂಟಿ ಸದ್ದು. ಅದೇ ಹುಡುಗಿ. ಲೈಸೆನ್ಸು ಕೊಟ್ಟ ಜಾಗಗಳನ್ನು ಆಗಾಗ ಬಂದು ನೋಡಬೇಕೆಂದು ನಿಯಮ ಇದೆಯಂತೆ. ಅವಳ ವರದಿಯನ್ನು ಮೇಲಿನವರು ಬದಿಗಿಟ್ಟರೂ, ಬಂದು ನೋಡುವ ಕೆಲಸ ಅವಳದೇ ಆಗಿತ್ತು.

"ಟೀಚರಮ್ಮ, ಕೋಣೆ ಒಂದ್ಸಲ ನೋಡಿ ಹೋಗ್ತೀನಿ."

ನನಗೆ ಒಳಗಿನ ಅಗ್ಗಿಷ್ಟಿಕೆ ನೆನಪಾಯಿತು. ಅದನ್ನು ತೆಗೆಯಲು ಸಮಯ ಬೇಕು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಯಾಕೆ ಹೇಳಲಿ, ಇವಳನ್ನು ಕಾಯಿಸಬೇಕು ಅನ್ನಿಸಿತು. ನನ್ನನ್ನು ಎರಡು ತಿಂಗಳು ಕಾಯಿಸಿದ ಸರ್ಕಾರವೇ ನನ್ನ ಗೇಟಿನಲ್ಲಿ ನಿಂತ ಹಾಗಿತ್ತು.

"ಹೊರಗಿಂದ ಬಂದಿದೀಯ. ದಾರೀಲಿ ಏನೇನು ದಾಟ್ಕೊಂಡು ಬಂದ್ಯೋ. ಹಸುಗೂಸಿರೋ ಕಡೆ ಹಂಗೇ ನುಗ್ತಾರಾ? ಕೈಕಾಲು ತೊಳ್ಕೊಂಡು ಒಂದು ಗಳಿಗೆ ಜಗಲಿ ಮೇಲೆ ಕೂತ್ಕೋ. ಆಮೇಲೆ ಒಳಗೆ," ಎಂದೆ.

ಇದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವ ಪದ್ಧತಿ. ಕೂಸಿನ ಅಪ್ಪನೇ ಬಂದರೂ ಅಷ್ಟೇ. ಅವಳು ವಾದ ಮಾಡಲಿಲ್ಲ. ಚಪ್ಪಲಿ ಬಿಟ್ಟು, ನಲ್ಲಿಯ ಹತ್ತಿರ ಹೋಗಿ ಹಿಮ್ಮಡಿ ಉಜ್ಜಿ ಉಜ್ಜಿ ತೊಳೆದಳು. ಬಂದು ಜಗಲಿಯ ತುದಿಯಲ್ಲಿ ಕೂತಳು. ನಾನು ಒಳಗೆ ಹೋಗಿ ಅಗ್ಗಿಷ್ಟಿಕೆ ತೆಗೆಯಬಹುದಿತ್ತು. ಬಾಣಂತಿಗೆ ಇನ್ನೂ ಬೆವರು ಬಿಟ್ಟಿರುವುದಿಲ್ಲ, ಇನ್ನಷ್ಟು ಹೊತ್ತು ಇರಲಿ, ಇವಳೂ ಕೂತಿರಲಿ ಅಂದುಕೊಂಡು ಕಾಫಿ ಕಾಯಿಸಲು ಹೋದೆ. ಬೇಕೆಂದೇ ನಿಧಾನವಾಗಿ ಕಾಯಿಸಿದೆ. ತಂದುಕೊಟ್ಟೆ.

"ಕಿಟಕಿ ತೆಗ್ದಿದೀರಾ ಟೀಚರಮ್ಮ?" ಎಂದು ಕೇಳಿದಳು.

"ತೆಗ್ದಿದೀನಿ ಕಣಮ್ಮ," ಎಂದೆ. ಸೊಪ್ಪು ಬಿಡಿಸುತ್ತಲೇ, ತಲೆ ಎತ್ತದೆ ಅಂದೆ.

ಅವಳು ಕಾಫಿ ಕುಡಿದಳು. ಲೋಟ ತೊಳೆದು ಬೋರಲು ಹಾಕಿದಳು. ಮತ್ತೆ ಕೂತಳು. ಕೊನೆಗೆ, "ಮಗು ಸದ್ದೇ ಇಲ್ವಲ್ಲಮ್ಮ," ಎಂದಳು.

"ನೀರು ಹಾಕಿದ ಮಗು ನಿದ್ದೆ ಮಾಡ್ದೆ ಇನ್ನೇನು ಮಾಡುತ್ತೆ? ಅದೂ ಗೊತ್ತಿಲ್ವಾ?"

ಅವಳು ಎದ್ದು, ಮನೆಯ ಪಕ್ಕದ ಓಣಿಯಲ್ಲಿ ಹಿಂದಕ್ಕೆ ಹೋದಳು. ಎಲ್ಲಿಗೆ ಎಂದು ಕೂಗಿದೆ. ಕಿಟಕಿಯ ಸಂದಿಯಿಂದ ಆಚೆಗೆ ಇಣುಕುತ್ತಿದ್ದ ಹಸಿರು ಸೀರೆಯ ಚುಂಗು ಅವಳಿಗೆ ಕಂಡಿತು. ಓಡಿ ಬಂದಳು. ನಾನು ಬಾಗಿಲಿಗೆ ಅಡ್ಡ ನಿಂತೆ. ಬಾಣಂತಿ ಬೆವೆತು ಮಲಗಿದ್ದಾಳೆ, ತಣ್ಣನೆ ಗಾಳಿ ಬಡಿದರೆ ನೀನು ಜವಾಬ್ದಾರಳಾ ಎಂದೆ. ಅವಳು ನನ್ನ ಹೆಗಲು ಹಿಡಿದು ಪಕ್ಕಕ್ಕೆ ನೂಕಿದಳು. ನಾನು ಗೋಡೆಗೆ ಬಡಿದೆ.

ಒಳಗೆ ಬೆಚ್ಚಗೆ ಸಾಂಬ್ರಾಣಿ ವಾಸನೆ. ಮಂಚದ ಮೇಲಿನ ಹುಡುಗಿಯ ಮುಖ ಕೆಂಪಗೆ ರಂಗೇರಿತ್ತು. ಬಾಣಂತಿ ಮುಖ ಹಾಗೆ ಕೆಂಪಾದರೆ ಆರೈಕೆ ಚೆನ್ನಾಗಿ ಹಿಡಿದಿದೆ ಅನ್ನುತ್ತಾರೆ ನಮ್ಮಲ್ಲಿ. ಆ ಕ್ಷಣದಲ್ಲೂ, ದೇವರಾಣೆ, ನೋಡು ಎಷ್ಟು ಚೆನ್ನಾಗಿ ಮಲಗಿದ್ದಾಳೆ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ. ಇನ್‌ಸ್ಪೆಕ್ಟರು ಅವಳ ಕೆನ್ನೆಗೆ ಹೊಡೆದಳು. ಏಳಲಿಲ್ಲ. ಕಂಬಳಿ ಕಿತ್ತು ಮಗುವನ್ನು ಎತ್ತಿದಳು. ಮಗುವಿನ ಕತ್ತು ಅವಳ ತೋಳಿನಿಂದ ಆಚೆಗೆ ಜೋತುಬಿತ್ತು.

ಆಮೇಲಿನದು ನನಗೆ ತುಂಡು ತುಂಡಾಗಿ ನೆನಪಿದೆ. ಇಬ್ಬರೂ ಸೇರಿ ತಾಯಿಯನ್ನು ಅಂಗಳಕ್ಕೆ ಎಳೆದೆವು. ಉಳಿದ ಇಬ್ಬರು ಬಾಣಂತಿಯರಿಗೆ ಅವತ್ತು ಇನ್ನೂ ನೀರು ಹಾಕಿರಲಿಲ್ಲ, ಅವರು ಬಾಗಿಲಲ್ಲಿ ನಿಂತು ಅಳುತ್ತಿದ್ದರು. ಪಕ್ಕದ ಮನೆಯವರು ಕಾರು ತೆಗೆದರು. ಹಿಂದಿನ ಸೀಟಿನಲ್ಲಿ ತಾಯಿಯ ತಲೆ ನನ್ನ ತೊಡೆ ಮೇಲೆ. ಮುಂದಿನ ಸೀಟಿನಲ್ಲಿ ಇನ್‌ಸ್ಪೆಕ್ಟರು ಆ ಕೂಸಿನ ಬಾಯಿಗೆ ತನ್ನ ಬಾಯಿಟ್ಟು, ದಾರಿಯುದ್ದಕ್ಕೂ ಸ್ವಲ್ಪ ಸ್ವಲ್ಪ ಉಸಿರು ಊದುತ್ತಾ ಬಂದಳು. ಕಾರಿನ ಕಿಟಕಿಗಳೆಲ್ಲ ತೆರೆದಿದ್ದವು. ಒದ್ದೆ ಕೂದಲಿನ ಬಾಣಂತಿಗೆ ಗಾಳಿ ರಪರಪನೆ ಹೊಡೆಯುತ್ತಿತ್ತು, ನನ್ನ ಕೈ ನನಗೆ ಗೊತ್ತಿಲ್ಲದೆಯೇ ಅವಳ ಕಿವಿ ಮುಚ್ಚಿ ಹಿಡಿದಿತ್ತು.

ಮಧ್ಯಾಹ್ನದ ಹೊತ್ತಿಗೆ ತಾಯಿಗೆ ಎಚ್ಚರವಾಯಿತು. ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಉಸಿರು ಬಂದಿತ್ತು. ಆದರೆ ತಲೆಗೆ ಎಷ್ಟು ಹೊತ್ತು ಗಾಳಿ ಸಿಗಲಿಲ್ಲವೋ ಅದರ ಮೇಲೆ ಮುಂದಿನದು, ಈಗಲೇ ಹೇಳಲಾಗುವುದಿಲ್ಲ ಎಂದರು ಡಾಕ್ಟರು. ಎಷ್ಟು ಹೊತ್ತು ಎಂದು ಕೇಳಿದರು. ನಾನು ನೆಲ ನೋಡಿದೆ. ಎಷ್ಟು ಹೊತ್ತು ಎಂಬುದು ನನಗೆ ಗೊತ್ತಿತ್ತು. ಕಾಲು ತೊಳೆಯುವಷ್ಟು ಹೊತ್ತು, ಕಾಫಿ ಕಾಯುವಷ್ಟು ಹೊತ್ತು, ಅದನ್ನು ಕುಡಿದು ಲೋಟ ತೊಳೆಯುವಷ್ಟು ಹೊತ್ತು, ಒಂದು ಕಟ್ಟು ಸೊಪ್ಪು ಬಿಡಿಸುವಷ್ಟು ಹೊತ್ತು.

ಗಂಡ ಫ್ಯಾಕ್ಟರಿ ಸಮವಸ್ತ್ರದಲ್ಲೇ ಬಂದ. ಬೈಯಲಿ, ಹೊಡೆಯಲಿ ಎಂದು ಕಾಯುತ್ತಿದ್ದೆ. ಅವನು ಫೋನಿನಲ್ಲಿದ್ದ ಆ ಫೋಟೊ ತೆಗೆದು ನನ್ನ ಮುಂದೆ ಹಿಡಿದ.

"ಇದನ್ನ ನೋಡೇ ಬಿಟ್ಟಿದ್ದು ನಾನು. ಸರ್ಕಾರದೋರು ಬಂದು ನೋಡಿದಾರೆ, ಗಾಳಿ ಬೆಳಕು ಐತೆ ಅಂತ ಬರೆದವ್ರೆ ಅಂತ."

ಮಾರನೆಯ ದಿನ ಸಬ್ಬಸಿಗೆ ಸಾರು, ಮೆತ್ತನೆ ಅನ್ನ ಕಟ್ಟಿಕೊಂಡು ಹೋದೆ. ನರ್ಸು, ಇವರು ನಿಮ್ಮ ತಾಯಿನಾ, ಒಳಗೆ ಬಿಡಲಾ ಎಂದು ಆ ಬಾಣಂತಿಯನ್ನು ಕೇಳಿದಳು. ಅವಳು ನನ್ನ ಕಡೆ ತಿರುಗಿ ನೋಡಿದಳು. "ಅಲ್ಲ. ನಾನಿದ್ನಲ್ಲ, ಆ ಪಿಜಿಯೋರು," ಎಂದಳು. ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಬಂದೆ.

ಲೈಸೆನ್ಸು ರದ್ದಾಯಿತು. ಅದು ಸರಿಯೇ. ಕೇಸಾಯಿತು, ಅದೂ ಸರಿಯೇ, ನಡೆಯುತ್ತಿದೆ. ಉಳಿದ ಇಬ್ಬರನ್ನು ಅವರವರ ಕಡೆಯವರು ಅವತ್ತೇ ಬಂದು ಕರೆದುಕೊಂಡು ಹೋಗಿದ್ದರು. ಕುರ್ಚಿಯಲ್ಲಿ ಕೂತು ಗಾಳಿ ಬೆಳಕು ಬರೆದ ಸಾಹೇಬರು ಬೇರೆ ಊರಿಗೆ ವರ್ಗವಾಗಿ ಹೋದರು, ಅಲ್ಲಿಯೂ ಕುರ್ಚಿ ಇರುತ್ತದೆ. ಮೈದುನ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಮೂರು ಹಗ್ಗದ ಮಂಚಗಳನ್ನು ಅಂಗಳಕ್ಕೆ ಎಳೆದು ನಾನೇ ಕೊಡಲಿ ತಗೊಂಡು ಕಡಿದೆ. ಅಮ್ಮನ ಮೇಲೂ ಸಿಟ್ಟು ಬಂತು, ಸತ್ತು ಇಪ್ಪತ್ತು ವರ್ಷವಾದ ಅಮ್ಮನನ್ನು ಬಾಯಿಗೆ ಬಂದ ಹಾಗೆ ಬೈದೆ. ಪಾಪ, ಅವಳಿಗೆ ತಾರಸಿ ಮನೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಹೇಳಿದವರೂ ಇದ್ದರು.

ಕೇಸಿನ ಕಾಗದದ ಜೊತೆ ಇನ್‌ಸ್ಪೆಕ್ಟರ ವರದಿಯ ನಕಲು ಬಂತು. ಓದಿದೆ. ಕೆಂಡ ಇತ್ತು, ಕಿಟಕಿಗೆ ಬಟ್ಟೆ ಇತ್ತು, ನಾನು ಬಾಗಿಲಿಗೆ ಅಡ್ಡ ನಿಂತೆ, ಎಲ್ಲ ಇತ್ತು. ಒಂದು ಮಾತ್ರ ಇರಲಿಲ್ಲ. ನಾನು ಅವಳನ್ನು ಜಗಲಿಯ ಮೇಲೆ ಕೂರಿಸಿದ್ದು. ಕಿಟಕಿ ತೆಗೆದಿದ್ದೇನೆ ಎಂದು ಹೇಳಿದ್ದು. ನನ್ನನ್ನು ಉಳಿಸಲಿಕ್ಕೆ ಬಿಟ್ಟಳೇ? ಯಾರಿಗೆ ಬೇಕಿತ್ತು ಅವಳ ಕರುಣೆ? ನನಗೆ ಅದು ಬೈಗುಳಕ್ಕಿಂತ ಕಷ್ಟವಾಯಿತು. ತಡೆಯಲಾರದೆ ಒಂದು ದಿನ ಅವಳ ಕಚೇರಿಗೆ ಹೋದೆ.

ಜವಾನ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದ. ಮೇಡಂ ಕೆಲಸದಲ್ಲಿದ್ದಾರೆ ಎಂದ. ಮುಕ್ಕಾಲು ಗಂಟೆ ಕೂತಿದ್ದೆ. ಕೂತಿರುವುದು ಎಷ್ಟು ಉದ್ದ ಎಂದು ಅವತ್ತು ಗೊತ್ತಾಯಿತು. ಅವಳೇ ಹೊರಗೆ ಬಂದಳು. ನನ್ನನ್ನು ನೋಡಿ ನಿಂತಳು. ಮತ್ತೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಸೊರಗಿಹೋಗಿದ್ದಳು.

"ಜಗಲಿ ಮೇಲೆ ಕೂರಿಸಿದ್ದು ಯಾಕೆ ಬರೀಲಿಲ್ಲ?" ಎಂದು ಕೇಳಿದೆ. ನನ್ನ ಮಾತು ಜಗಳದ ಹಾಗೇ ಬಂತು.



"ಬರೆದ್ರೆ ನಾನು ಯಾಕೆ ಕೂತೆ ಅಂತಾನೂ ಬರೀಬೇಕಾಗ್ತಿತ್ತು ಟೀಚರಮ್ಮ," ಎಂದಳು. "ನನ್ ಹತ್ರ ಆರ್ಡರ್ ಇತ್ತು. ನೀವು ಬೇಡ ಅಂದ್ರೂ ಒಳಗೆ ಹೋಗ್ಬೋದಿತ್ತು. ಮಂಚದ ಕೆಳಗಿನ ಮಸಿ ನೋಡಿದೋಳು ನಾನು. ಆದ್ರೂ ಹೋಗಿ ಕಾಲು ತೊಳೆದು ಕೂತೆ. ನಮ್ಮಮ್ಮನೂ ಹಂಗೇ ಕಲ್ಸಿದಾರೆ. ಕೂಸಿರೋ ಮನೆಗೆ ಹಂಗೆ ನುಗ್ಗಬಾರ್ದು ಅಂತ."

ನನಗೆ ಅವಳನ್ನು ಕಂಡರೆ ಮೊದಲೂ ಆಗುತ್ತಿರಲಿಲ್ಲ, ಈಗಲೂ ಆಗುವುದಿಲ್ಲ. ನನ್ನ ತಪ್ಪಿನಲ್ಲಿ ಪಾಲು ಕೇಳುವವಳನ್ನು ನಾನು ಏನು ಮಾಡಲಿ? ಕಾಲು ತೊಳೆ ಅಂದವಳು ನಾನು, ಅದು ನನ್ನದು ಎಂದು ಕೂಗಬೇಕು ಅನ್ನಿಸಿತು. ಕೂಗಲಿಲ್ಲ. ನಾನು ಬಂದದ್ದು ಬೇರೆ ಮಾತು ಕೇಳಲಿಕ್ಕೆ, ಅದು ಬಾಯಿಗೆ ಬರುತ್ತಿರಲಿಲ್ಲ.

ನನ್ನ ಅಂಗನವಾಡಿಯಲ್ಲಿ ಪ್ರತಿ ಮಗುವಿಗೂ ಒಂದು ಕಾರ್ಡು ಇರುತ್ತಿತ್ತು. ಯಾವಾಗ ನಕ್ಕಿತು, ಯಾವಾಗ ಕತ್ತು ನಿಲ್ಲಿಸಿತು, ಯಾವಾಗ ಮಗುಚಿತು, ಎಲ್ಲ ಅದರಲ್ಲಿ ಗುರುತು ಹಾಕಬೇಕು. ಮೂರು ತಿಂಗಳು ತುಂಬಿ ನಾಲ್ಕಕ್ಕೆ ಬೀಳುವಷ್ಟರಲ್ಲಿ ಕತ್ತು ನಿಲ್ಲಬೇಕು. ಎಷ್ಟು ನೂರು ಮಕ್ಕಳ ಕಾರ್ಡಿನಲ್ಲಿ ಆ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಈ ಮಗು ಐದು ತುಂಬಿ ಆರಕ್ಕೆ ಬಿದ್ದಿತ್ತು. ಅದರ ಬಾಗಿಲಿಗೆ ನಾನು ಹೋಗುವ ಹಾಗಿರಲಿಲ್ಲ. ಇವಳು ತಿಂಗಳಿಗೊಮ್ಮೆ ಹೋಗಿ ನೋಡಿಬರುತ್ತಾಳೆ ಎಂದು ಯಾರೋ ಹೇಳಿದ್ದರು.

"ಕತ್ತು ನಿಂತಿದ್ಯಾ?" ಎಂದು ಕೇಳಿದೆ.

ಅವಳು ತನ್ನ ಪಾದಗಳನ್ನು ನೋಡುತ್ತಾ ಕೂತಿದ್ದಳು.

"ಇನ್ನೂ ಇಲ್ಲಮ್ಮ," ಎಂದಳು.